ವ್ಯಾಪಾರದ ಗುಟ್ಟು ಯಾರ ಸೊತ್ತು?

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆಗಳಲ್ಲಿ ಬೇಸಾಯದ ವಿದ್ಯೆಯನ್ನು ಬಚ್ಚಿಡುವ ರೂಢಿ ಇಲ್ಲ. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮುಂಗಾರಿಗೆ ಎಷ್ಟು ದಿನ ಮುಂಚೆ ಮುಗಿಸಬೇಕು, ಮರಗಳ ನೆರಳನ್ನು ಎಷ್ಟರಮಟ್ಟಿಗೆ ಸವರಬೇಕು, ಮೆಣಸಿನ ಬಳ್ಳಿ ಸೊರಗತೊಡಗಿದಾಗ ಏನು ಮಾಡಬೇಕು ಎಂಬುದನ್ನು ಬೆಳೆಗಾರರು ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ನೋಡಿಯೇ ಕಲಿಯುತ್ತಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯಾಗಲಿ, ಸಕಲೇಶಪುರದ ದೋಣಿಗಾಲಿನಲ್ಲಿರುವ ಏಲಕ್ಕಿ ಸಂಶೋಧನಾ ಕೇಂದ್ರವಾಗಲಿ ತಿಳಿಸಿಕೊಟ್ಟ ಕ್ರಮಗಳು ಮಲೆನಾಡಿನ ಉದ್ದಗಲಕ್ಕೂ ಹರಡಿದ್ದು ಬಹುಪಾಲು ಈ ಬಾಯಿಮಾತಿನ ಬಲದಿಂದಲೇ. ಆದರೆ ಫಸಲು ಕಣದಿಂದ ಗೋದಾಮಿಗೆ ಬಂದ ಮರುಕ್ಷಣವೇ ಮಾತು ತಗ್ಗುತ್ತದೆ. ಯಾರು ಎಂದು ಮಾರಿದರು, ಯಾರಿಗೆ ಮಾರಿದರು, ಯಾವ ದರಕ್ಕೆ ಕೊಟ್ಟರು ಎಂಬುದನ್ನು ಕೇಳುವುದೂ ಅಸಭ್ಯ, ಹೇಳುವುದೂ ಅವಿವೇಕ ಎಂಬ ಭಾವನೆ ಇದೆ. ವರ್ತಕರಲ್ಲಂತೂ ಇದು ವೃತ್ತಿಧರ್ಮವೆಂದೇ ಪರಿಗಣಿತವಾಗಿದೆ.

ವರ್ತಕರು ತಮ್ಮ ವ್ಯಾಪಾರ ತಂತ್ರವನ್ನು ಬಹಿರಂಗವಾಗಿ ಹಂಚಿಕೊಳ್ಳಬೇಕೆ ಎಂಬ ಪ್ರಶ್ನೆ ಬಂದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಗುಟ್ಟೇ ವರ್ತಕನ ಬಂಡವಾಳ, ಅದನ್ನು ಬಿಟ್ಟುಕೊಟ್ಟವನು ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದು ಒಂದು. ಎಲ್ಲವೂ ತೆರೆದಿರಬೇಕು, ಬಚ್ಚಿಡುವುದು ಬೆಳೆಗಾರನನ್ನು ವಂಚಿಸುವುದಕ್ಕಾಗಿಯೇ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳು. ಕೇಳಬೇಕಾದುದು ಬೇರೊಂದು ಮಾತು: ಆ ತಂತ್ರ ವಿಫಲವಾದರೆ ನಷ್ಟ ಯಾರಿಗೆ? ವರ್ತಕನೊಬ್ಬನಿಗೇ ಆದರೆ ಗುಟ್ಟು ಅವನ ಸ್ವಂತ ಸೊತ್ತು, ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಆ ನಷ್ಟ ಬೆಳೆಗಾರನ ಮೇಲೂ ಬೀಳುವಂತಿದ್ದರೆ ಆ ಗುಟ್ಟಿನಲ್ಲಿ ಬೆಳೆಗಾರನೂ ಪಾಲುದಾರ, ಅವನಿಗೆ ಅದು ತಿಳಿದಿರಲೇಬೇಕು.

ಈ ಪ್ರಶ್ನೆ ಮಲೆನಾಡಿನ ಕಾಫಿ ವಲಯಕ್ಕೆ ತಡವಾಗಿ ಬಂದದ್ದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದಾಗ ರೂಪುಗೊಂಡ ಪೂಲ್ ಪದ್ಧತಿ, 1942ರ ಕಾಫಿ ಕಾಯಿದೆಯ ಬಲದಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸುತ್ತಿದ್ದ. ಮಂಡಳಿ ಹರಾಜು ಹಾಕುತ್ತಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು, ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಫಸಲೂ ಮುಗಿದಿರುತ್ತಿತ್ತು. ಆ ವ್ಯವಸ್ಥೆಯ ದೋಷಗಳು ಅನೇಕ. ಆದರೆ ಯಾವಾಗ ಮಾರಬೇಕು ಎಂಬ ಚಿಂತೆ ಬೆಳೆಗಾರನಿಗೆ ಇರಲಿಲ್ಲ, ಆದ್ದರಿಂದ ತಂತ್ರವೆಂಬುದೂ ಇರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಒಂದು ತಲೆಮಾರು ಕೇವಲ ಬೆಳೆಯುವುದನ್ನು ಕಲಿತಿತ್ತು. ಅದಕ್ಕೆ ದಿಢೀರನೆ ಮಾರುವುದನ್ನೂ ಕಲಿಯಬೇಕಾಯಿತು. 1994ರಲ್ಲಿ ಬ್ರೆಜಿಲ್‌ಗೆ ಹಿಮಪಾತವಾಗಿ ದರಗಳು ನೆಗೆದಿದ್ದರಿಂದ ಮುಕ್ತ ಮಾರುಕಟ್ಟೆ ಎಂದರೆ ಏರುವ ಮಾರುಕಟ್ಟೆ ಎಂಬ ಭ್ರಮೆಯೂ ಹುಟ್ಟಿತು. 2001ರಲ್ಲಿ ನ್ಯೂಯಾರ್ಕಿನ ಅರೇಬಿಕಾ ದರ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗೆ, ಲಂಡನ್ನಿನ ರೋಬಸ್ಟಾ ಟನ್ನಿಗೆ 500 ಡಾಲರಿಗಿಂತಲೂ ಕೆಳಗೆ ಇಳಿದಾಗ ಆ ಭ್ರಮೆ ಹರಿಯಿತು. ಬೆಂಗಳೂರಿನಲ್ಲಿ 1990ರ ದಶಕದ ಕೊನೆಯಲ್ಲಿ ಕಾಫಿಗೆಂದೇ ಆರಂಭವಾದ ವಾಯಿದಾ ವಿನಿಮಯ ಕೇಂದ್ರವೂ ಬೇರೂರಲಿಲ್ಲ. ಹೀಗಾಗಿ ದರದ ಏರಿಳಿತದಿಂದ ರಕ್ಷಣೆ ಪಡೆಯುವ ಹೆಜ್ಜಿಂಗ್ ವ್ಯವಹಾರ ಲಂಡನ್ ಮತ್ತು ನ್ಯೂಯಾರ್ಕುಗಳಲ್ಲಿ ಖಾತೆ ಇಟ್ಟುಕೊಳ್ಳಬಲ್ಲ ದೊಡ್ಡ ರಫ್ತುದಾರರಿಗೆ ಸೀಮಿತವಾಗಿ ಉಳಿಯಿತು; ಬಾಳ್ಳುಪೇಟೆಯಲ್ಲೋ ಹಾನುಬಾಳಿನಲ್ಲೋ ಅಂಗಡಿ ಇಟ್ಟಿರುವ ವರ್ತಕನಿಗೆ ಅದು ಎಟುಕಲಿಲ್ಲ.

ಸ್ಥಳೀಯ ವ್ಯಾಪಾರದಲ್ಲಿ ತಂತ್ರವೆಂದು ಕರೆಯಲಾಗುವ ಬಹಳಷ್ಟು ಸಂಗತಿಗಳು ವಾಸ್ತವವಾಗಿ ತಂತ್ರವೇ ಅಲ್ಲ, ಬರೀ ಲೆಕ್ಕ. ರೋಬಸ್ಟಾ ಚೆರಿಯ ದರ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನೇ ನೋಡಬಹುದು. ಚೆರಿ ಕಾಫಿಯನ್ನು 50 ಕಿಲೋ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ; ಆದರೆ ವಿದೇಶಿ ಮಾರುಕಟ್ಟೆ ಕೊಳ್ಳುವುದು ಸಿಪ್ಪೆ ತೆಗೆದ ಬೀಜವನ್ನು. ಒಂದು ಚೀಲ ಚೆರಿಯಿಂದ ಎಷ್ಟು ಕಿಲೋ ಬೀಜ ದೊರೆಯುತ್ತದೆ ಎಂಬುದೇ ಔಟ್‌ಟರ್ನ್. ಉದಾಹರಣೆಗೆ ಲಂಡನ್ ದರ ಟನ್ನಿಗೆ 4,000 ಡಾಲರ್, ಡಾಲರಿನ ವಿನಿಮಯ ದರ 85 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಿಲೋ ಬೀಜಕ್ಕೆ 340 ರೂಪಾಯಿ. ಔಟ್‌ಟರ್ನ್ 26 ಇದ್ದರೆ ಚೀಲಕ್ಕೆ 8,840 ರೂಪಾಯಿ, 28 ಇದ್ದರೆ 9,520 ರೂಪಾಯಿ. ಎರಡು ಅಂಶದ ವ್ಯತ್ಯಾಸ ಚೀಲಕ್ಕೆ 680 ರೂಪಾಯಿ. ನೂರು ಚೀಲ ತಂದವನಿಗೆ 68,000 ರೂಪಾಯಿ. ಈ ಮೊತ್ತದಿಂದ ಕ್ಯೂರಿಂಗ್ ವೆಚ್ಚ, ಸಾಗಾಣಿಕೆ, ತೂಕದ ಕೊರೆ, ಬಡ್ಡಿ, ವರ್ತಕನ ಲಾಭ ಇವೆಲ್ಲ ಕಳೆಯಬೇಕು. ನಮ್ಮ ಕಾಫಿಗೆ ಆ ದಿನ ಲಂಡನ್ ದರಕ್ಕಿಂತ ಹೆಚ್ಚು ಸಿಗುತ್ತಿದೆಯೋ ಕಡಿಮೆಯೋ ಎಂಬುದನ್ನೂ ಸೇರಿಸಬೇಕು. ಕೊನೆಗೆ ಉಳಿಯುವುದು ಗೋದಾಮಿನ ಬಾಗಿಲಲ್ಲಿ ಹೇಳುವ ದರ.

ಈ ಲೆಕ್ಕದಲ್ಲಿ ಗುಟ್ಟಾಗಿ ಇಡತಕ್ಕದ್ದು ಏನಿದೆ? ಲಂಡನ್ ಮತ್ತು ನ್ಯೂಯಾರ್ಕ್ ದರಗಳನ್ನೂ ಕರ್ನಾಟಕದ ಸ್ಥಳೀಯ ದರಗಳನ್ನೂ ಕಾಫಿ ಮಂಡಳಿ ದಿನನಿತ್ಯ ಪ್ರಕಟಿಸುತ್ತದೆ. ಡಾಲರಿನ ದರ ಪತ್ರಿಕೆಯಲ್ಲಿದೆ. ಉಳಿದಿರುವುದು ಔಟ್‌ಟರ್ನ್ ಪರೀಕ್ಷೆ, ತೇವಾಂಶದ ಅಳತೆ ಮತ್ತು ಕಡಿತಗಳು. ಇವುಗಳನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುವ ಬದಲು ಚೀಟಿಯ ಮೇಲೆ ಬರೆದುಕೊಟ್ಟರೆ ವರ್ತಕ ಕಳೆದುಕೊಳ್ಳುವುದು ಏನೂ ಇಲ್ಲ. ಕಳೆದುಕೊಳ್ಳುತ್ತಾನೆಂದಾದರೆ ಅವನ ಲಾಭ ವ್ಯಾಪಾರದಿಂದ ಬಂದದ್ದಲ್ಲ, ಬೆಳೆಗಾರನಿಗೆ ಲೆಕ್ಕ ಬಾರದಿರುವುದರಿಂದ ಬಂದದ್ದು. ಮೆಣಸಿನ ವ್ಯಾಪಾರದಲ್ಲಿಯೂ ಇದೇ ಮಾತು. ಲೀಟರ್ ತೂಕ ಎಷ್ಟು ಬಂತು, ತೇವಾಂಶಕ್ಕೆ ಎಷ್ಟು ಮುರಿದುಕೊಂಡರು, ಹಗುರ ಕಾಳಿಗೆ ಎಷ್ಟು ಕಳೆದರು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಅತ್ಯಂತ ಪ್ರಾಮಾಣಿಕ ವರ್ತಕನ ಮೇಲೂ ಅನುಮಾನ ತಪ್ಪದು. ಪ್ರಾಮಾಣಿಕ ವರ್ತಕರು ಈ ವಲಯದಲ್ಲಿ ಕಡಿಮೆ ಇಲ್ಲ. ಅಪ್ರಾಮಾಣಿಕನ ಜೊತೆಗೆ ಅವರೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳುತ್ತಿರುವುದು ಈ ಮೌನದ ಫಲ.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ದರ ತೀರ್ಮಾನಿಸದೆ ವರ್ತಕನ ಗೋದಾಮಿನಲ್ಲಿ ಕಾಫಿ ಬಿಟ್ಟು, ಮುಂದೆ ತನಗೆ ಒಪ್ಪಿಗೆಯಾದ ದಿನ ದರ ನಿಗದಿ ಮಾಡಿಸಿಕೊಳ್ಳುವ ಪದ್ಧತಿ ಕಾಫಿ ಜಿಲ್ಲೆಗಳಲ್ಲಿ ಬಹುಕಾಲದಿಂದ ಇದೆ. ಮನೆಯಲ್ಲಿ ಒಣ ಗೋದಾಮು ಇಲ್ಲದ ಸಣ್ಣ ಬೆಳೆಗಾರನಿಗೆ, ಮಳೆಗಾಲ ಸಮೀಪಿಸಿದಾಗ, ಇದು ಅನುಕೂಲವೇ. ಕಾನೂನಿನ ಅಡ್ಡಿಯೂ ಇಲ್ಲ. ಬೆಲೆಯನ್ನು ನಂತರ ನಿಗದಿಪಡಿಸುವ ಕರಾರಿಗೆ 1930ರ ಸರಕು ಮಾರಾಟ ಕಾಯಿದೆಯಲ್ಲಿ ಅವಕಾಶವಿದೆ. ಪ್ರಶ್ನೆ ಇರುವುದು ಆ ಕಾಫಿ ಮುಂದೆ ಏನಾಗುತ್ತದೆ ಎಂಬುದರಲ್ಲಿ. ಬೆಳೆಗಾರ ತನ್ನ ಕಾಫಿ ಗೋದಾಮಿನಲ್ಲಿ ಭದ್ರವಾಗಿದೆ ಎಂದು ಭಾವಿಸಿರುತ್ತಾನೆ. ವರ್ತಕ ಅನೇಕ ವೇಳೆ ಅದನ್ನು ಆಗಲೇ ಮಾರಿ, ಬಂದ ಹಣದಲ್ಲಿ ಬೇರೆ ಮಾಲು ಕೊಂಡಿರುತ್ತಾನೆ.

ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಬೇಕು. ಮಾರ್ಚ್ ತಿಂಗಳಲ್ಲಿ ವರ್ತಕನೊಬ್ಬನ ಬಳಿ ಹಲವು ಬೆಳೆಗಾರರು ದರ ತೀರ್ಮಾನಿಸದೆ ಸಾವಿರ ಚೀಲ ಚೆರಿ ಬಿಟ್ಟಿದ್ದಾರೆ ಎನ್ನೋಣ. ಅಂದಿನ ದರ 8,000 ರೂಪಾಯಿಯಂತೆ ಅವನು ಮಾರಿದರೆ ಕೈಗೆ 80 ಲಕ್ಷ ಬರುತ್ತದೆ. ಆಗಸ್ಟ್ ವೇಳೆಗೆ ದರ 7,000ಕ್ಕೆ ಇಳಿದರೆ ಅವನಿಗೆ ಹತ್ತು ಲಕ್ಷ ಲಾಭ. ಅದೇ ದರ 11,000ಕ್ಕೆ ಏರಿದರೆ ಬೆಳೆಗಾರರಿಗೆ ಕೊಡಬೇಕಾದುದು ಒಂದು ಕೋಟಿ ಹತ್ತು ಲಕ್ಷ, ಅಂದರೆ 30 ಲಕ್ಷದ ಕೊರತೆ. ಲಂಡನ್ನಿನಲ್ಲಿ ಅಷ್ಟೇ ಪ್ರಮಾಣದ ವಾಯಿದಾ ಖರೀದಿ ಮಾಡಿಟ್ಟಿದ್ದರೆ ಆ ಕೊರತೆಯ ಬಹುಭಾಗ ಅಲ್ಲಿ ತುಂಬಿಬರುತ್ತದೆ. ಮಾಡಿಡದಿದ್ದರೆ ಅವನು ದರ ಇಳಿಯಲಿ ಎಂದು ಬೆಳೆಗಾರರ ಕಾಫಿಯ ಮೇಲೆಯೇ ಪಣ ಕಟ್ಟಿದ್ದಾನೆ. ಲಾಭ ಬಂದರೆ ಅವನದು. ನಷ್ಟ ಅವನ ಶಕ್ತಿಯನ್ನು ಮೀರಿದ ಕ್ಷಣದಲ್ಲಿ ಬೆಳೆಗಾರರದು. ಬ್ಯಾಂಕು ಇಷ್ಟು ಸಾಲ ಕೊಡಬೇಕಾದರೆ ಆಧಾರ ಕೇಳುತ್ತದೆ, ಲೆಕ್ಕಪತ್ರ ಕೇಳುತ್ತದೆ. ಬೆಳೆಗಾರ ಒಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ.

ಇದು ಕಾಲ್ಪನಿಕ ಭಯವೆಂದು ತಳ್ಳಿಹಾಕುವಂತಿಲ್ಲ. 2023ರ ಆರಂಭದಲ್ಲಿ ಲಂಡನ್ ರೋಬಸ್ಟಾ ದರ 2,000 ಡಾಲರ್ ಆಸುಪಾಸಿನಲ್ಲಿತ್ತು. 2025ರ ಆರಂಭದ ವೇಳೆಗೆ 5,500 ಡಾಲರನ್ನು ದಾಟಿತು. ನ್ಯೂಯಾರ್ಕ್ ಅರೇಬಿಕಾ 2024ರ ಡಿಸೆಂಬರಿನಲ್ಲಿ 1977ರ ಹಳೆಯ ದಾಖಲೆಯನ್ನು ಮುರಿದು, 2025ರ ಫೆಬ್ರವರಿಯಲ್ಲಿ 400 ಸೆಂಟನ್ನು ಮೀರಿತು. ಇಂತಹ ಏರಿಕೆಯನ್ನು ತಡೆದುಕೊಳ್ಳುವ ಶಕ್ತಿ ಸಣ್ಣ ಬಂಡವಾಳದ ವರ್ತಕನಿಗೆ ಎಲ್ಲಿಂದ ಬರಬೇಕು? ಅದೇ 2023-24ರ ಹಂಗಾಮಿನಲ್ಲಿ ವಿಯೆಟ್ನಾಮಿನಲ್ಲಿ ಕಂಡದ್ದು ಇದರ ಮಗುಚು ರೂಪ. ಅಲ್ಲಿ ಕಡಿಮೆ ದರಕ್ಕೆ ಮುಂಗಡ ಕರಾರು ಮಾಡಿಕೊಂಡಿದ್ದ ರೈತರೂ ಮಧ್ಯವರ್ತಿಗಳೂ ದರ ಏರಿದ ಮೇಲೆ ಮಾಲು ಕೊಡದೆ ಹಿಂಜರಿದರು, ರಫ್ತುದಾರರು ಭಾರಿ ನಷ್ಟಕ್ಕೆ ಒಳಗಾದರು. ಮಾತು ಮುರಿಯುವುದು ವರ್ತಕನ ಕಡೆಯಿಂದ ಮಾತ್ರ ಎಂದು ಹೇಳುವವರು ಇದನ್ನೂ ಗಮನಿಸಬೇಕು. 2025ರ ಜುಲೈ ವೇಳೆಗೆ ರೋಬಸ್ಟಾ ದರ ಮತ್ತೆ 4,000 ಡಾಲರಿಗಿಂತ ಕೆಳಗಿಳಿದಾಗ, ಇನ್ನೂ ಏರುತ್ತದೆಂಬ ಮಾತನ್ನು ನಂಬಿ ಕಾದವರ ಕೈಯಲ್ಲಿ ಕಾಫಿ ಉಳಿದಿತ್ತು.

ಆ ಮಾತನ್ನು ಹೇಳಿದವರು ಯಾರು ಎಂಬುದು ಮುಂದಿನ ಪ್ರಶ್ನೆ. ದರ ಏರುತ್ತದೆ, ಮಾರಬೇಡಿ. ದರ ಬೀಳುತ್ತದೆ, ಬೇಗ ಮಾರಿ ಎಂಬ ಸಲಹೆಗೆ ಮಲೆನಾಡಿನಲ್ಲಿ ಎಂದೂ ಬರವಿಲ್ಲ. ಬಹಿರಂಗವಾಗಿ ತಂತ್ರ ಹಂಚಿಕೊಳ್ಳಬೇಕೆಂದು ವಾದಿಸುವವರು ವೆನಿಲ್ಲಾದ ಕಥೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಅಪ್ಪಳಿಸಿದ ಮೇಲೆ ಜಾಗತಿಕ ವೆನಿಲ್ಲಾ ದರ ಏರುತ್ತಾ ಹೋಗಿ 2003ರ ಸುಮಾರಿಗೆ ತುತ್ತತುದಿ ಮುಟ್ಟಿತು. ಮಲೆನಾಡು, ಕರಾವಳಿಗಳ ತೋಟತೋಟದಲ್ಲೂ ವೆನಿಲ್ಲಾ ಬಳ್ಳಿ ಹಬ್ಬಿತು. ಲಾಭದ ಲೆಕ್ಕವನ್ನು ಸಭೆಗಳಲ್ಲಿ ಧಾರಾಳವಾಗಿ ಬಿಡಿಸಿ ಹೇಳಲಾಯಿತು. ಹೇಳಿದವರಲ್ಲಿ ಹಲವರು ಬಳ್ಳಿಯ ತುಂಡುಗಳನ್ನೇ ಮಾರುತ್ತಿದ್ದರು. 2004-05ರಲ್ಲಿ ದರ ಕುಸಿಯಿತು. ಕಾಯಿ ಮಾರಿ ಲಾಭ ಗಳಿಸಿದವರಿಗಿಂತ ಬಳ್ಳಿ ಮಾರಿ ಲಾಭ ಗಳಿಸಿದವರೇ ಸುರಕ್ಷಿತವಾಗಿ ಉಳಿದರು. ಹೇಳಿದ ಲೆಕ್ಕ ಸುಳ್ಳೇನೂ ಆಗಿರಲಿಲ್ಲ. ಹೇಳುವವನ ಹಿತಾಸಕ್ತಿಯೊಂದನ್ನು ಮಾತ್ರ ಹೇಳಿರಲಿಲ್ಲ. ಶುಂಠಿಯ ವಿಷಯದಲ್ಲಿ ಆಲೂರು ಕಡೆಯ ಕೃಷಿಕರಿಗೆ ಬೇರೆ ಉದಾಹರಣೆ ಬೇಕಿಲ್ಲ. 2023ರ ಮಧ್ಯದಲ್ಲಿ ದರ ಗಗನಕ್ಕೇರಿದ್ದನ್ನು ಕಂಡು ಎಲ್ಲರೂ ಒಂದೇ ತಂತ್ರ ಅನುಸರಿಸಿದರು. ಎಲ್ಲರೂ ಅನುಸರಿಸಿದ ತಂತ್ರ ತಂತ್ರವಾಗಿ ಉಳಿಯುವುದಿಲ್ಲ.

ಇಲ್ಲಿ ವರ್ತಕರ ವಾದದಲ್ಲಿಯೂ ಹುರುಳಿದೆ. ಯಾವ ವಿದೇಶಿ ಖರೀದಿದಾರನಿಗೆ ಯಾವ ದರ್ಜೆಯ ಕಾಫಿ ಬೇಕು, ಮುಂದಿನ ವಾರ ಎಷ್ಟು ಚೀಲ ಕೊಳ್ಳಲಿದ್ದಾನೆ, ಗೋದಾಮಿನಲ್ಲಿ ಸ್ವಂತ ಹಣದ ದಾಸ್ತಾನು ಎಷ್ಟಿದೆ ಎಂಬುದನ್ನೆಲ್ಲ ಬಹಿರಂಗಪಡಿಸಿದರೆ ಸ್ಥಳೀಯ ವರ್ತಕ ದೊಡ್ಡ ಕಂಪನಿಗಳ ಎದುರು ನಿಲ್ಲಲಾರ. ಅವುಗಳ ಬಳಿ ಬಂಡವಾಳವಿದೆ, ಹವಾಮಾನದ ವರದಿಗಳಿವೆ, ಲಂಡನ್ನಿನಲ್ಲಿ ಖಾತೆಗಳಿವೆ. ಸ್ಥಳೀಯನ ಬಳಿ ಇರುವುದು ಹೆತ್ತೂರಿನ ಯಾವ ತೋಟದ ಕಾಫಿ ಹೇಗಿರುತ್ತದೆ, ಕೆಂಚಮ್ಮನ ಹೊಸಕೋಟೆ ಕಡೆ ಈ ಬಾರಿ ಹೂಮಳೆ ಹೇಗೆ ಬಿತ್ತು ಎಂಬ ತಿಳಿವಳಿಕೆ. ಮೂವತ್ತು ವರ್ಷ ಓಡಾಡಿ ಗಳಿಸಿದ ಈ ಜ್ಞಾನವನ್ನು ಉಚಿತವಾಗಿ ಹಂಚಬೇಕೆನ್ನುವುದು ನ್ಯಾಯವಲ್ಲ.

ವರ್ತಕರು ತಮ್ಮತಮ್ಮೊಳಗೇ ತಂತ್ರ ಹಂಚಿಕೊಳ್ಳುವುದು ಇನ್ನೊಂದು ತೊಡಕು. ನಾಳೆ ಇಂತಿಷ್ಟು ದರಕ್ಕಿಂತ ಹೆಚ್ಚು ಕೊಡುವುದು ಬೇಡ ಎಂದು ನಾಲ್ವರು ಖರೀದಿದಾರರು ಚಹಾ ಕುಡಿಯುತ್ತಾ ಒಪ್ಪಿಕೊಂಡರೂ ಅದು 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. 2009ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಈ ಕಲಮಿನ ಪ್ರಕಾರ, ಪೈಪೋಟಿಯಲ್ಲಿರುವವರು ಸೇರಿ ಖರೀದಿ ಅಥವಾ ಮಾರಾಟದ ದರ ನಿರ್ಧರಿಸುವುದು ಸ್ಪರ್ಧೆಗೆ ಮಾರಕವೆಂದೇ ಭಾವಿಸಲಾಗುತ್ತದೆ. ಸಂಘಟನೆಗಳ ಸಭೆಗಳಲ್ಲಿ ಈ ಎಚ್ಚರ ಸಾಲದು ಎಂದೇ ಹೇಳಬೇಕಾಗುತ್ತದೆ. ಎಲ್ಲರಿಗೂ ಕಾಣುವಂತೆ ಇಂದಿನ ದರವನ್ನು ಹಲಗೆಯ ಮೇಲೆ ಬರೆಯುವುದು ಪಾರದರ್ಶಕತೆ. ನಾಳಿನ ದರವನ್ನು ಆಯ್ದ ಕಿವಿಗಳಿಗೆ ಮಾತ್ರ ಹೇಳುವುದು ಕೂಟ.

ಹಾಗಾದರೆ ಗುಟ್ಟನ್ನೂ ಕಾಯ್ದುಕೊಂಡು ಮಾರುಕಟ್ಟೆಗೆ ಬೆಳಕನ್ನೂ ಕೊಡುವ ಮಾರ್ಗವಿದೆಯೆ? ದೊಡ್ಡ ಮಾರುಕಟ್ಟೆಗಳು ಇದನ್ನು ಎಂದೋ ಕಂಡುಕೊಂಡಿವೆ. ಅಮೆರಿಕದ ವಾಯಿದಾ ನಿಯಂತ್ರಣ ಆಯೋಗ ಪ್ರತಿ ಮಂಗಳವಾರದ ಸ್ಥಿತಿಯನ್ನು ಶುಕ್ರವಾರ ಪ್ರಕಟಿಸುತ್ತದೆ. ನ್ಯೂಯಾರ್ಕಿನ ಕಾಫಿ ವಾಯಿದೆಯಲ್ಲಿ ಸರಕಿನ ವ್ಯಾಪಾರಿಗಳು ಒಟ್ಟು ಎಷ್ಟು ಕೊಂಡಿದ್ದಾರೆ, ಎಷ್ಟು ಮಾರಿದ್ದಾರೆ, ಹಣಕಾಸು ನಿಧಿಗಳ ಪಾಲು ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ಯಾರೊಬ್ಬರ ಹೆಸರೂ ಇರುವುದಿಲ್ಲ. ವಿನಿಮಯ ಕೇಂದ್ರದ ಮಾನ್ಯತೆ ಪಡೆದ ಗೋದಾಮುಗಳ ದಾಸ್ತಾನು ದಿನವೂ ಪ್ರಕಟವಾಗುತ್ತದೆ. ಸಕಲೇಶಪುರದಲ್ಲಿ ಕುಳಿತು ಆಂಟ್ವರ್ಪ್ ಬಂದರಿನ ಗೋದಾಮಿನಲ್ಲಿ ಎಷ್ಟು ಕಾಫಿ ಇದೆ ಎಂದು ತಿಳಿಯಬಹುದು. ಸಕಲೇಶಪುರದ ಗೋದಾಮುಗಳಲ್ಲಿ ಎಷ್ಟಿದೆ ಎಂದು ತಿಳಿಯಲಾಗದು. ಭಾರತದ ಷೇರು ನಿಯಂತ್ರಣ ಸಂಸ್ಥೆ ಸೆಬಿ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯೂ ಪರಿಶೀಲನಾರ್ಹ. ಷೇರು ಮಾರುಕಟ್ಟೆಯ ಶಿಕ್ಷಣ ನೀಡುವವರು ಹಿಂದಿನ ಮೂರು ತಿಂಗಳೊಳಗಿನ ದರಗಳನ್ನು ಬಳಸಿ ಪಾಠ ಹೇಳಬಾರದು ಎಂಬುದು ಅದರ ಸಾರ. ಪಾಠದ ಹೆಸರಿನಲ್ಲಿ ಸಲಹೆ ಮಾರುವುದನ್ನು ತಡೆಯುವುದು ಉದ್ದೇಶ. ಸೆಬಿಯ ಅಧಿಕಾರ ಕಾಫಿಯ ಚಿಲ್ಲರೆ ಖರೀದಿಗೆ ಅನ್ವಯಿಸದು. ಆದರೆ ಹಳೆಯದನ್ನು ಕಲಿಸಬಹುದು, ಇಂದಿನದನ್ನು ಊಹಿಸಿ ಹೇಳಬಾರದು ಎಂಬ ನಿಯಮ ಮಲೆನಾಡಿಗೂ ಹೊಂದುತ್ತದೆ.

ಆದ್ದರಿಂದ ಹಂಗಾಮು ಮುಗಿದ ಮೇಲೆ ಮಾತನಾಡುವುದಕ್ಕೆ ಯಾವ ವರ್ತಕನೂ ಅಂಜಬೇಕಾಗಿಲ್ಲ. ಕಳೆದ ವರ್ಷ ಯಾವ ತಿಂಗಳಲ್ಲಿ ಕೊಂಡು ಯಾವ ತಿಂಗಳಲ್ಲಿ ಮಾರಲಾಯಿತು, ಎಲ್ಲಿ ಅಂದಾಜು ತಪ್ಪಿತು, ಹೆಜ್ಜಿಂಗ್‌ಗೆ ಎಷ್ಟು ವೆಚ್ಚವಾಯಿತು ಎಂಬುದನ್ನು ಮಳೆಗಾಲದ ನಂತರ, ಹೊಸ ಕೊಯ್ಲಿಗೆ ಮುಂಚೆ, ಬೆಳೆಗಾರರ ಎದುರು ಹೇಳಿದರೆ ಹೊಸ ತಲೆಮಾರಿನ ವರ್ತಕರಿಗೂ ಬೆಳೆಗಾರರಿಗೂ ಅದಕ್ಕಿಂತ ಉತ್ತಮ ಶಾಲೆ ಬೇರಿಲ್ಲ. ಸಕಲೇಶಪುರದಲ್ಲಿ ನೆಲೆಸಿರುವ ಬೆಳೆಗಾರರ ಸಂಘಟನೆಗಳು ಬೆಳೆ, ಕಾಡಾನೆ, ಸಾಲಮನ್ನಾ ಕುರಿತು ಸಭೆ ನಡೆಸುತ್ತವೆ. ಮಾರಾಟದ ಬಗೆಗೂ ವರ್ಷಕ್ಕೊಂದು ದಿನ ಮೀಸಲಿಡಲು ಅಡ್ಡಿಯಿಲ್ಲ. ಅಂತಹ ಸಭೆಯಲ್ಲಿ ಮುಂದಿನ ದರದ ಬಗ್ಗೆ ಮಾತನಾಡಬಯಸುವವರು ತಮ್ಮ ಕೈಯಲ್ಲಿ ದಾಸ್ತಾನು ಇದೆಯೋ ಇಲ್ಲವೋ ಎಂಬುದನ್ನು ಮೊದಲು ಹೇಳಿ ನಂತರ ಮಾತು ಮುಂದುವರಿಸಲಿ. ಪ್ರಮಾಣ ಹೇಳಬೇಕಾಗಿಲ್ಲ.

ದರ ತೀರ್ಮಾನಿಸದೆ ಬಿಟ್ಟ ಕಾಫಿಯ ವಿಷಯದಲ್ಲಿ ಮಾತ್ರ ಈ ಔದಾರ್ಯ ಸಾಲದು. ಅಲ್ಲಿ ಗೋಪ್ಯತೆಗೆ ಎಡೆಯೇ ಇರಬಾರದು. 2007ರ ಗೋದಾಮು ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆ 2010ರಿಂದ ಜಾರಿಯಲ್ಲಿದ್ದು, ನೋಂದಾಯಿತ ಗೋದಾಮಿನ ರಸೀತಿಯ ಆಧಾರದ ಮೇಲೆ ಬ್ಯಾಂಕ್ ಸಾಲ ಪಡೆಯುವ ಅವಕಾಶ ಕಲ್ಪಿಸಿದೆ. ದರಕ್ಕಾಗಿ ಕಾಯಬಯಸುವ ಬೆಳೆಗಾರನಿಗೆ ಅದೇ ಸರಿಯಾದ ದಾರಿ. ಅದು ದೊರೆಯುವ ತನಕ ವರ್ತಕ ಕೊಡುವ ಚೀಟಿಯಲ್ಲಾದರೂ ನಾಲ್ಕು ಸಂಗತಿಗಳು ಇರಬೇಕು: ಚೀಲಗಳ ಸಂಖ್ಯೆ ಮತ್ತು ತೂಕ, ಔಟ್‌ಟರ್ನ್ ಮತ್ತು ತೇವಾಂಶ, ದರ ನಿಗದಿಗೆ ಕೊನೆಯ ದಿನಾಂಕ, ಹಾಗೂ ಅಲ್ಲಿಯವರೆಗೆ ಆ ಕಾಫಿಯನ್ನು ಮಾರುವ ಅಧಿಕಾರ ವರ್ತಕನಿಗೆ ಇದೆಯೋ ಇಲ್ಲವೋ ಎಂಬ ಒಂದು ಸಾಲು. ಮಾರುವ ಅಧಿಕಾರ ಕೊಟ್ಟರೆ ಅಂದಿನ ದರದ ಮುಕ್ಕಾಲು ಪಾಲನ್ನಾದರೂ ಮುಂಗಡವಾಗಿ ಕೇಳುವುದು ಬೆಳೆಗಾರನ ಹಕ್ಕು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾಗುತ್ತದೆ, ರೋಬಸ್ಟಾ ಗೋದಾಮಿಗೆ ಬರುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಇಂತಹ ಚೀಟಿಯ ನಮೂನೆಯೊಂದನ್ನು ವರ್ತಕರೂ ಬೆಳೆಗಾರರೂ ಕೂಡಿ ಒಪ್ಪಿ ಅಚ್ಚು ಹಾಕಿಸಲು ಅಷ್ಟು ಕಾಲಾವಕಾಶ ಸಾಕು.